ಮಾಯಾಲೋಕದ ಆಟಗಳಲ್ಲಿ ಅನ್ವೇಷಣೆಯೂ ಕಷ್ಟವೂ

ಮನುಷ್ಯನು ಕಂಡುಹಿಡಿದಿರುವ ಆಟಗಳಲ್ಲಿ ಎರಡು ಬಗೆಗಳನ್ನು ಗುರುತಿಸಬಹುದು. ಚದುರಂಗದಂತಹ ಆಟಗಳಲ್ಲಿ ಹಾಸು ಪೂರ್ತಿಯಾಗಿ ಕಣ್ಣ ಮುಂದೆಯೇ ಇರುತ್ತದೆ. ಎದುರಾಳಿಯ ಮನಸ್ಸು ಮಾತ್ರ ಮರೆಯಾಗಿರುತ್ತದೆ. ಇನ್ನೊಂದು ಬಗೆಯ ಆಟಗಳಲ್ಲಿ ಹಾಸೇ ಮರೆಯಾಗಿರುತ್ತದೆ. ಮುಂದಿನ ತಿರುವಿನಲ್ಲಿ ಏನಿದೆ ಎಂಬುದು ಅಲ್ಲಿಗೆ ಹೋದಲ್ಲದೆ ತಿಳಿಯದು. ಆಟಗಾರನು ಒಬ್ಬ ವೀರನ ಅಥವಾ ಮಾಂತ್ರಿಕನ ಪಾತ್ರವನ್ನು ವಹಿಸಿ, ರಾಕ್ಷಸರೂ ನಿಧಿಗಳೂ ತುಂಬಿದ ಕಲ್ಪಿತ ಲೋಕದಲ್ಲಿ ಸಂಚರಿಸುವ ‘ರೋಲ್ ಪ್ಲೇಯಿಂಗ್’ ಆಟಗಳು ಈ ಎರಡನೆಯ ಬಗೆಗೆ ಸೇರುತ್ತವೆ. ಇವನ್ನು ನಾವು ಪಾತ್ರಧಾರಣೆಯ ಆಟಗಳೆಂದು ಕರೆಯೋಣ.

ಈ ಆಟಗಳನ್ನು ಬಲ್ಲವರ ನಡುವೆ ಒಂದು ವಾದವು ಬಹುಕಾಲದಿಂದ ನಡೆದುಬಂದಿದೆ. ಹಳೆಯ ಆಟಗಳು ಕಷ್ಟವಾಗಿದ್ದವು, ಆದ್ದರಿಂದ ಅವುಗಳಲ್ಲಿ ನಿಜವಾದ ಅನ್ವೇಷಣೆಯಿತ್ತು. ಹೊಸ ಆಟಗಳು ಸುಲಭವಾದುದರಿಂದ ಅನ್ವೇಷಣೆಯು ಸತ್ತುಹೋಯಿತು ಎಂದು ಕೆಲವರು ಹೇಳುತ್ತಾರೆ. ಹಳೆಯವು ಕಷ್ಟವಾಗಿರಲಿಲ್ಲ, ಕೇವಲ ಬೇಸರ ತರಿಸುತ್ತಿದ್ದವು ಎಂದು ಉಳಿದವರು ಉತ್ತರ ಕೊಡುತ್ತಾರೆ. ಭೌತವಿಜ್ಞಾನದಲ್ಲಿ ‘ಬಿಸಿ’ ಎಂಬ ಒಂದೇ ಮಾತಿನೊಳಗೆ ಉಷ್ಣ ಮತ್ತು ತಾಪ ಎಂಬ ಎರಡು ಬೇರೆ ಬೇರೆ ಕಲ್ಪನೆಗಳು ಅಡಗಿದ್ದುದನ್ನು ವಿದ್ಯಾರ್ಥಿಗಳು ಬಲ್ಲರು. ಅವೆರಡನ್ನು ಬೇರ್ಪಡಿಸುವವರೆಗೂ ಗೊಂದಲವು ತೀರಲಿಲ್ಲ. ‘ಕಷ್ಟ’ ಎಂಬ ಮಾತಿನ ಸ್ಥಿತಿಯೂ ಇಲ್ಲಿ ಹಾಗೆಯೇ ಇದೆ. ಅದನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ದಾಳಗಳಿಂದ ಆರಂಭ

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ನಿಯಮಗಳನ್ನು ಪ್ರಕಟಿಸಿದರು. ಇದಕ್ಕೆ ಯಂತ್ರವೇನೂ ಬೇಕಿರಲಿಲ್ಲ. ಕಾಗದ, ಸೀಸದ ಕಡ್ಡಿ ಮತ್ತು ದಾಳಗಳು ಸಾಕಾಗಿದ್ದವು. ಪಾತ್ರದ ಬಲ, ಬುದ್ಧಿ ಮೊದಲಾದ ಆರು ಗುಣಗಳಲ್ಲಿ ಒಂದೊಂದಕ್ಕೂ ಮೂರು ದಾಳಗಳನ್ನು ಎಸೆದು ಬಂದ ಮೊತ್ತವನ್ನು ಬರೆದುಕೊಳ್ಳಬೇಕು. ಮೂರು ದಾಳಗಳು ಬೀಳುವ ರೀತಿಗಳು 6×6×6, ಅಂದರೆ 216. ಮೊತ್ತವು 18 ಆಗುವ ರೀತಿ ಒಂದೇ ಒಂದು. 10 ಆಗುವ ರೀತಿಗಳು 27. ಆದ್ದರಿಂದ ಸಾಧಾರಣರು ಅನೇಕರು, ಮಹಾವೀರರು ವಿರಳ. ಪ್ರಪಂಚದಲ್ಲಿಯೂ ಹೀಗೆಯೇ ಅಲ್ಲವೆ?

ಈ ನಿಯಮಗಳಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಅಂಶವೊಂದಿದೆ. ಆಟವು ನಡೆಯುವುದು ನೆಲದಡಿಯ ಅಂತಸ್ತುಗಳಲ್ಲಿ. ಆಳವು ಹೆಚ್ಚಿದಂತೆ ಎದುರಾಗುವ ಪ್ರಾಣಿಗಳು ಹೆಚ್ಚು ಭಯಂಕರವಾಗುತ್ತವೆ, ದೊರೆಯುವ ನಿಧಿಯೂ ದೊಡ್ಡದಾಗುತ್ತದೆ. ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ಆಟಗಾರರೇ ನಿರ್ಧರಿಸುತ್ತಾರೆ. ಆದುದರಿಂದ ಕಷ್ಟದ ಕೀಲಿಯು ಅವರ ಕೈಯಲ್ಲಿಯೇ ಇತ್ತು.

ಚೌಕುಳಿ ಕಾಗದದ ಚಕ್ರವ್ಯೂಹ

1981ರಲ್ಲಿ ಆ್ಯಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಎಂಬ ಇಬ್ಬರು ರಚಿಸಿದ ‘ವಿಝರ್ಡ್ರಿ’ ಎಂಬ ಆಟವು ಆ್ಯಪಲ್ ಗಣಕಯಂತ್ರಕ್ಕಾಗಿ ಹೊರಬಂದಿತು. ಅದರಲ್ಲಿ ಹತ್ತು ಅಂತಸ್ತುಗಳು. ಪ್ರತಿಯೊಂದು ಅಂತಸ್ತೂ ಉದ್ದಕ್ಕೆ 20, ಅಗಲಕ್ಕೆ 20 ಮನೆಗಳ ಚೌಕ. ತೆರೆಯ ಮೇಲೆ ಕಾಣುವುದು ಮುಂದಿನ ಕೆಲವೇ ಮನೆಗಳ ಗೋಡೆಗಳ ರೇಖಾಚಿತ್ರ ಮಾತ್ರ. ನಕ್ಷೆಯನ್ನು ಯಂತ್ರವು ತೋರಿಸುತ್ತಿರಲಿಲ್ಲ. ಆಟಗಾರನೇ ಚೌಕುಳಿ ಕಾಗದದ ಮೇಲೆ ಒಂದೊಂದು ಹೆಜ್ಜೆಯನ್ನೂ ಗುರುತಿಸಿಕೊಳ್ಳಬೇಕಾಗಿತ್ತು. ಕೆಲವು ಮನೆಗಳನ್ನು ಹೊಕ್ಕೊಡನೆ ಸದ್ದಿಲ್ಲದೆ ದಿಕ್ಕು ತಿರುಗಿಬಿಡುತ್ತಿತ್ತು. ಕೆಲವು ಕಡೆ ಗಾಢವಾದ ಕತ್ತಲೆ. ಕೆಲವು ಮನೆಗಳು ಹೊಕ್ಕವರನ್ನು ಬೇರೊಂದು ಮೂಲೆಗೆ ಎಸೆಯುತ್ತಿದ್ದವು. ಚಕ್ರವ್ಯೂಹವನ್ನು ಹೊಗುವುದನ್ನು ಮಾತ್ರ ಬಲ್ಲ ಅಭಿಮನ್ಯುವಿನ ಗತಿಯು ಇಲ್ಲಿ ಅನೇಕರದಾಯಿತು.

ಈ ಆಟದ ಎರಡು ಮಂತ್ರಗಳು ಗಣಿತದ ವಿದ್ಯಾರ್ಥಿಗೆ ಸ್ವಾರಸ್ಯಕರವಾಗಿವೆ. ‘ಡುಮಾಪಿಕ್’ ಎಂಬುದು, ಹೊರಹೋಗುವ ಮೆಟ್ಟಿಲುಗಳಿಂದ ನಾವು ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು, ಕೆಳಕ್ಕೆ ಎಷ್ಟು ದೂರದಲ್ಲಿದ್ದೇವೆ ಎಂಬುದನ್ನು ಹೇಳುತ್ತದೆ. ಇದು ಡೆಕಾರ್ಟೆಯ ನಿರ್ದೇಶಾಂಕಗಳಲ್ಲದೆ ಬೇರೇನಲ್ಲ. ‘ಮಾಲೋರ್’ ಎಂಬುದು, ನಾವು ಹೇಳಿದಷ್ಟು ಪೂರ್ವಕ್ಕೆ, ಉತ್ತರಕ್ಕೆ, ಕೆಳಕ್ಕೆ ನಮ್ಮನ್ನು ಕ್ಷಣಮಾತ್ರದಲ್ಲಿ ಒಯ್ಯುತ್ತದೆ. ಇದು ಸದಿಶದ ಸಂಕಲನ. ಲೆಕ್ಕದಲ್ಲಿ ತಪ್ಪಿ ಗಟ್ಟಿ ಬಂಡೆಯೊಳಗೆ ಇಳಿದರೆ ಇಡೀ ತಂಡವು ನಾಶವಾಗುತ್ತದೆ. ಕೂಡುವ ಲೆಕ್ಕದ ತಪ್ಪಿಗೆ ಇಷ್ಟು ಕಠಿಣವಾದ ದಂಡನೆಯನ್ನು ಯಾವ ಪರೀಕ್ಷಕರೂ ವಿಧಿಸಲಾರರು!

ನಕ್ಷೆಯಿಂದ ಆಗುವ ಲಾಭವೇನೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ದಾರಿಯಲ್ಲಿ ಹತ್ತು ಕವಲುಗಳು ಬರುತ್ತವೆ, ಪ್ರತಿಯೊಂದರಲ್ಲಿಯೂ ಮೂರು ಆಯ್ಕೆಗಳಿವೆ ಎಂದಿಟ್ಟುಕೊಳ್ಳೋಣ. ಸಾಧ್ಯವಾದ ದಾರಿಗಳು ಮೂರರ ಹತ್ತನೆಯ ಘಾತ, ಎಂದರೆ 59,049. ಇಷ್ಟನ್ನೂ ನೆನಪಿನಲ್ಲಿಡುವುದು ಯಾರಿಂದಲೂ ಆಗದು. ಆದರೆ ಅಂತಸ್ತಿನಲ್ಲಿರುವ ಮನೆಗಳು 400 ಮಾತ್ರ! ದಾರಿಗಳು ಅಸಂಖ್ಯಾತವಾದರೂ ಸ್ಥಳಗಳು ಮಿತವಾಗಿವೆ. ದಾರಿಗಳನ್ನು ಬಿಟ್ಟು ಸ್ಥಳಗಳನ್ನು ಬರೆದುಕೊಂಡವನು 59,049ರ ಕೆಲಸವನ್ನು 400ಕ್ಕೆ ಇಳಿಸುತ್ತಾನೆ. ಹರಡಿಹೋದ ಅನುಭವವನ್ನು ಅಡಕವಾದ ಜ್ಞಾನವನ್ನಾಗಿ ಮಾಡುವ ಈ ಕ್ರಿಯೆಯೇ ಅನ್ವೇಷಣೆಯ ತಿರುಳು.

ಕಷ್ಟದ ಮೂರು ಮುಖಗಳು

ಈಗ ‘ಕಷ್ಟ’ವನ್ನು ಬಿಡಿಸೋಣ. ಒಂದನೆಯದು ತಿಳಿಯುವ ಕಷ್ಟ: ಎಲ್ಲಿಗೆ ಹೋಗಬೇಕು, ಯಾವುದು ಅಪಾಯ ಎಂಬುದನ್ನು ಕಂಡುಕೊಳ್ಳುವುದು. ಎರಡನೆಯದು ಮಾಡುವ ಕಷ್ಟ: ತಿಳಿದ ಮೇಲೂ ಅದನ್ನು ಕೈಯ ಚಳಕದಿಂದಲೋ ಯೋಜನೆಯಿಂದಲೋ ಸಾಧಿಸುವುದು. ಮೂರನೆಯದು ಕಳೆದುಕೊಳ್ಳುವ ಕಷ್ಟ: ಸೋತರೆ ತೆರಬೇಕಾದ ಬೆಲೆ.

‘ವಿಝರ್ಡ್ರಿ’ಯಲ್ಲಿ ಮೊದಲನೆಯದೂ ಮೂರನೆಯದೂ ಬಹಳವಾಗಿದ್ದವು. ಸತ್ತ ಪಾತ್ರವನ್ನು ದೇವಾಲಯಕ್ಕೆ ಒಯ್ದು ಹಣ ತೆತ್ತು ಬದುಕಿಸಬಹುದಾಗಿತ್ತು. ಆದರೆ ಆ ಪ್ರಯತ್ನವು ವಿಫಲವಾದರೆ ಪಾತ್ರವು ಬೂದಿಯಾಗುತ್ತಿತ್ತು, ಇನ್ನೊಮ್ಮೆ ವಿಫಲವಾದರೆ ಶಾಶ್ವತವಾಗಿ ಇಲ್ಲವಾಗುತ್ತಿತ್ತು. ಕೈಯ ವೇಗಕ್ಕೆ ಮಾತ್ರ ಅಲ್ಲಿ ಕೆಲಸವಿರಲಿಲ್ಲ. ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದಾಗಿತ್ತು. ಹೊಸ ಆಟಗಳಲ್ಲಿ ಅನೇಕವು ಕೈಯ ಚಳಕವನ್ನು ಬಹಳವಾಗಿ ಬೇಡುತ್ತವೆ. ಆದರೆ ದಾರಿಯನ್ನು ತಾವೇ ತೋರಿಸುತ್ತವೆ, ಸೋತವನನ್ನು ಕೆಲವೇ ಹೆಜ್ಜೆ ಹಿಂದಕ್ಕೆ ನಿಲ್ಲಿಸುತ್ತವೆ. ಆದುದರಿಂದ ಹಳೆಯದು ಕಷ್ಟ, ಹೊಸದು ಸುಲಭ ಎಂಬ ಮಾತು ಸಾಲದು. ಕಷ್ಟವು ಒಂದು ಮುಖದಿಂದ ಇನ್ನೊಂದಕ್ಕೆ ಸರಿದಿದೆ ಎಂಬುದೇ ಹೆಚ್ಚು ಸರಿಯಾದ ಮಾತು.

ಸ್ಥಳಕ್ಕೆ ಅಂಟಿದ ಕಷ್ಟ, ವ್ಯಕ್ತಿಯನ್ನು ಹಿಂಬಾಲಿಸುವ ಕಷ್ಟ

ಇದಕ್ಕಿಂತಲೂ ಆಳವಾದ ವ್ಯತ್ಯಾಸವೊಂದಿದೆ. ಆಟಗಾರನ ಬಲ 10 ಎಂದೂ, ಮೊದಲ ಅಂತಸ್ತಿನ ಶತ್ರುವಿನ ಬಲ 5 ಎಂದೂ, ಐದನೆಯ ಅಂತಸ್ತಿನ ಶತ್ರುವಿನ ಬಲ 25 ಎಂದೂ ಕಲ್ಪಿಸಿಕೊಳ್ಳೋಣ. ಶತ್ರುವಿನ ಬಲವನ್ನು ಆಟಗಾರನ ಬಲದಿಂದ ಭಾಗಿಸಿದರೆ ಬರುವ ಸಂಖ್ಯೆಯು ಅಪಾಯದ ಅಳತೆಯಾಗಲಿ. ಮೊದಲ ಅಂತಸ್ತಿನಲ್ಲಿ ಅದು 0.5, ಐದನೆಯದರಲ್ಲಿ 2.5. ಆಟಗಾರನು ಬೆಳೆದು ಅವನ ಬಲವು 50 ಆದಾಗ ಅವೇ ಸಂಖ್ಯೆಗಳು 0.1 ಮತ್ತು 0.5 ಆಗುತ್ತವೆ. ಒಮ್ಮೆ ನಡುಗಿಸಿದ ಸ್ಥಳವು ಈಗ ನೆಮ್ಮದಿಯ ದಾರಿಯಾಗಿದೆ. ಲೋಕವು ಬದಲಾಗಿಲ್ಲ, ತಾನು ಬದಲಾಗಿದ್ದೇನೆ ಎಂಬುದು ಅವನಿಗೆ ತಿಳಿಯುತ್ತದೆ.

2006ರಲ್ಲಿ ಬೆಥೆಸ್ಡಾ ಸಂಸ್ಥೆಯಿಂದ ಬಂದ ‘ಒಬ್ಲಿವಿಯನ್’ ಎಂಬ ಆಟದಲ್ಲಿ ಬೇರೊಂದು ವಿಧಾನವನ್ನು ಅನುಸರಿಸಿದರು. ಅಲ್ಲಿ ಹೆಚ್ಚಿನ ಶತ್ರುಗಳ ಬಲವು ಆಟಗಾರನ ಬಲದೊಡನೆಯೇ ಏರುತ್ತದೆ. ಶತ್ರುವಿನ ಬಲವು ಯಾವಾಗಲೂ ನಮ್ಮ ಬಲದ ಅರ್ಧವಾಗಿದ್ದರೆ, ಭಾಗಲಬ್ಧವು ಎಲ್ಲಿಯೂ ಎಂದೆಂದಿಗೂ 0.5. ಇದರಿಂದ ಒಂದು ಲಾಭವುಂಟು: ಆಟಗಾರನು ಯಾವ ದಿಕ್ಕಿಗೆ ಬೇಕಾದರೂ ಯಾವ ಕ್ರಮದಲ್ಲಿ ಬೇಕಾದರೂ ಹೋಗಬಹುದು. ನಷ್ಟವೂ ಉಂಟು: ಇಳಿಜಾರಿಲ್ಲದ ನೆಲದಲ್ಲಿ ನೀರು ಹರಿಯದು; ವಿಭವಾಂತರವಿಲ್ಲದೆ ವಿದ್ಯುತ್ತು ಪ್ರವಹಿಸದು. ಎಲ್ಲ ಸ್ಥಳಗಳೂ ಸಮಾನವಾಗಿ ಅಪಾಯಕರವಾದರೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಲು ಕಾರಣವು ಕ್ಷೀಣಿಸುತ್ತದೆ. ಆಟವು ಮುಂದುವರಿದಂತೆ ದಾರಿಗಳ್ಳರೂ ಅತ್ಯಮೂಲ್ಯವಾದ ಕವಚಗಳನ್ನು ತೊಟ್ಟು ಬರುವುದನ್ನು ಕಂಡು ಆಟಗಾರರು ನಕ್ಕುದುಂಟು. ಅದೇ ಸಂಸ್ಥೆಯ ‘ಸ್ಕೈರಿಮ್’ (2011) ಎಂಬ ಆಟದಲ್ಲಿ ಪ್ರದೇಶಗಳಿಗೆ ಕನಿಷ್ಠ, ಗರಿಷ್ಠ ಮಟ್ಟಗಳನ್ನು ಗೊತ್ತುಪಡಿಸಿ, ಸ್ಥಳಕ್ಕೆ ಅದರ ಗುಣವನ್ನು ಭಾಗಶಃ ಮರಳಿಸಿದರು.

ಬಾಣದ ಗುರುತು ಮತ್ತು ಮನಸ್ಸಿನ ನಕ್ಷೆ

ತಿಳಿಯುವ ಕಷ್ಟದಲ್ಲಿಯೂ ಇಂತಹದೇ ಬದಲಾವಣೆಯಾಯಿತು. 2002ರ ‘ಮಾರೊವಿಂಡ್’ ಎಂಬ ಆಟದಲ್ಲಿ ದಾರಿಯನ್ನು ಜನರನ್ನು ಕೇಳಿ ತಿಳಿಯಬೇಕಾಗಿತ್ತು. ಯಾವ ಹಾದಿ, ಯಾವ ದಿಕ್ಕು, ಯಾವ ಗುಡ್ಡದ ಮಗ್ಗುಲು ಎಂಬುದು ಮಾತಿನಲ್ಲಿಯೇ ದೊರೆಯುತ್ತಿತ್ತು. ಅದನ್ನು ನೆಲದೊಡನೆ ಹೋಲಿಸಿ ನೋಡುವುದು ಆಟಗಾರನ ಹೊಣೆ. ನಾಲ್ಕು ವರ್ಷಗಳ ತರುವಾಯ ಬಂದ ‘ಒಬ್ಲಿವಿಯನ್’ನಲ್ಲಿ ದಿಕ್ಸೂಚಿಯ ಮೇಲಿನ ಗುರುತೊಂದು ಗುರಿಯನ್ನು ನೇರವಾಗಿ ತೋರಿಸಿತು. ನಮ್ಮ ಹಿಂದಿನ ಲೆಕ್ಕದಲ್ಲಿ ಹೇಳುವುದಾದರೆ, 59,049 ದಾರಿಗಳು ಒಂದೇ ದಾರಿಯಾದವು. ಆಟಗಾರನು ಗುರಿಯನ್ನು ಮುಟ್ಟುತ್ತಾನೆ. ಆದರೆ ತಾನು ನಡೆದುಬಂದ ನಾಡನ್ನು ಅರಿತಿರುತ್ತಾನೆಯೆ?

ಈ ಪ್ರಶ್ನೆಗೆ ಮನಶ್ಶಾಸ್ತ್ರದ ಹಳೆಯ ಪ್ರಯೋಗವೊಂದು ಬೆಳಕು ಬೀರುತ್ತದೆ. 1930ರಲ್ಲಿ ಅಮೆರಿಕದ ಎಡ್ವರ್ಡ್ ಟೋಲ್ಮನ್ ಮತ್ತು ಹಾನ್ಝಿಕ್ ಎಂಬ ವಿಜ್ಞಾನಿಗಳು ಇಲಿಗಳನ್ನು ಚಕ್ರವ್ಯೂಹದಂತಹ ಪೆಟ್ಟಿಗೆಯಲ್ಲಿ ಓಡಿಸಿದರು. ಒಂದು ಗುಂಪಿಗೆ ದಾರಿಯ ಕೊನೆಯಲ್ಲಿ ಮೊದಲ ದಿನದಿಂದಲೇ ಆಹಾರ ದೊರೆಯುತ್ತಿತ್ತು. ಇನ್ನೊಂದಕ್ಕೆ ಎಂದೂ ದೊರೆಯಲಿಲ್ಲ. ಮೂರನೆಯದಕ್ಕೆ ಹನ್ನೊಂದನೆಯ ದಿನದಿಂದ ದೊರೆಯಿತು. ಈ ಮೂರನೆಯ ಗುಂಪು ಆಹಾರ ಕಂಡ ಕೂಡಲೇ ತಪ್ಪುಗಳನ್ನು ಥಟ್ಟನೆ ಕಡಿಮೆ ಮಾಡಿಕೊಂಡು ಮೊದಲ ಗುಂಪಿಗೆ ಸಮನಾಯಿತು. ಹತ್ತು ದಿನಗಳ ಗುರಿಯಿಲ್ಲದ ಅಲೆದಾಟವು ವ್ಯರ್ಥವಾಗಿರಲಿಲ್ಲ. ಪ್ರಾಣಿಯು ದಾರಿಯನ್ನಷ್ಟೇ ಅಲ್ಲ, ಸ್ಥಳದ ನಕ್ಷೆಯನ್ನೇ ಮನಸ್ಸಿನಲ್ಲಿ ರಚಿಸಿಕೊಳ್ಳುತ್ತದೆ ಎಂದು ಟೋಲ್ಮನ್ 1948ರಲ್ಲಿ ವಾದಿಸಿದರು. ಬಾಣದ ಗುರುತನ್ನೇ ನೋಡುತ್ತ ನಡೆಯುವವನಿಗೆ ಇಂತಹ ಅಲೆದಾಟಕ್ಕೆ ಆಸ್ಪದ ಕಡಿಮೆ.

ಹಳೆಯ ತತ್ವ, ಹೊಸ ರೂಪ

ಕಾಲವು ಒಂದೇ ದಿಕ್ಕಿಗೆ ಹರಿಯಿತೆಂದು ತಿಳಿಯಬಾರದು. 2007ರಲ್ಲಿ ಜಪಾನಿನಲ್ಲಿ ಹೊರಬಂದ ‘ಎಟ್ರಿಯನ್ ಒಡಿಸ್ಸಿ’ಯಲ್ಲಿ ಅಂಗೈ ಯಂತ್ರದ ಕೆಳತೆರೆಯ ಮೇಲೆ ಆಟಗಾರನೇ ಕಡ್ಡಿಯಿಂದ ನಕ್ಷೆ ಬರೆಯಬೇಕಾಗಿತ್ತು, ಚೌಕುಳಿ ಕಾಗದವು ಯಂತ್ರದೊಳಗೆ ಬಂದು ಕುಳಿತಿತು. 2011ರಲ್ಲಿ ಹಿಡೆಟಾಕ ಮಿಯಾಝಾಕಿಯವರ ನಿರ್ದೇಶನದಲ್ಲಿ ಬಂದ ‘ಡಾರ್ಕ್ ಸೋಲ್ಸ್’ ನಕ್ಷೆಯನ್ನೇ ಕೊಡಲಿಲ್ಲ. ಆರಂಭದ ತಾಣದಿಂದ ಹೊರಡುವ ದಾರಿಗಳಲ್ಲಿ ಒಂದು ಸ್ಮಶಾನಕ್ಕೆ ಹೋಗುತ್ತದೆ. ಅಲ್ಲಿನ ಅಸ್ಥಿಪಂಜರಗಳು ಹೊಸಬನನ್ನು ಕ್ಷಣದಲ್ಲಿ ಉರುಳಿಸುತ್ತವೆ. ‘ಈ ದಾರಿಯು ಸದ್ಯಕ್ಕೆ ನಿನ್ನದಲ್ಲ’ ಎಂಬುದನ್ನು ಫಲಕವಿಲ್ಲದೆಯೇ ಕಷ್ಟವು ತಿಳಿಸುತ್ತದೆ. ಸತ್ತವನು ಗಳಿಸಿ ಇನ್ನೂ ಖರ್ಚು ಮಾಡದ ‘ಸೋಲ್ಸ್’ ಎಂಬ ಸಂಪತ್ತು ಸತ್ತ ಸ್ಥಳದಲ್ಲಿಯೇ ಉಳಿಯುತ್ತದೆ. ಮತ್ತೊಮ್ಮೆ ಸಾಯದೆ ಅಲ್ಲಿಗೆ ತಲುಪಿದರೆ ಅದು ಮರಳಿ ಸಿಗುತ್ತದೆ. ‘ವಿಝರ್ಡ್ರಿ’ಯಲ್ಲಿಯೂ ನಾಶವಾದ ತಂಡದ ದೇಹಗಳನ್ನು ಹೊಸ ತಂಡವೊಂದು ಹೋಗಿ ಹುಡುಕಿ ತರಬಹುದಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಅದೇ ನಿರ್ದೇಶಕರ ಹೆಸರಿನೊಡನೆ 2022ರಲ್ಲಿ ಬಂದ ‘ಎಲ್ಡನ್ ರಿಂಗ್’ನಲ್ಲಿ ಲೋಕವು ವಿಶಾಲವಾಗಿ ತೆರೆದಿದೆ. ಆರಂಭದಲ್ಲಿಯೇ ಕುದುರೆಯೇರಿದ ಬಲಿಷ್ಠ ಯೋಧನೊಬ್ಬನು ಎದುರಾಗುತ್ತಾನೆ. ಅವನನ್ನು ಬಳಸಿಕೊಂಡು ಹೋಗಿ, ಬಲಗೂಡಿದ ಮೇಲೆ ಹಿಂದಿರುಗುವುದೇ ಜಾಣತನವೆಂಬುದನ್ನು ಆಟಗಾರನು ತಾನಾಗಿ ಕಲಿಯುತ್ತಾನೆ. ಹೋಗುವ ಸ್ವಾತಂತ್ರ್ಯವೂ ಸ್ಥಳಕ್ಕೆ ಅಂಟಿದ ಕಷ್ಟವೂ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಇದು ನಿದರ್ಶನ.

ಹಾಗೆಂದು ಹಳೆಯದೆಲ್ಲವನ್ನೂ ಹೊಗಳಬೇಕಾಗಿಲ್ಲ. ಕೇವಲ ದಾಳದ ಬೀಳಿನಿಂದ ಬರುವ ಸಾವು ಏನನ್ನೂ ಕಲಿಸದು. ಕಾರಣವು ತಿಳಿಯದ ಸೋಲಿನಿಂದ ಜ್ಞಾನವು ಹುಟ್ಟದು. ಬಿಡುವು ಕಡಿಮೆಯಿರುವವರಿಗೆ ದಾರಿತೋರುವ ಗುರುತು ನಿಜವಾಗಿಯೂ ಉಪಕಾರಿ. ಒಂದು ಕಷ್ಟವು ಒಳ್ಳೆಯದೋ ಅಲ್ಲವೋ ಎಂಬುದಕ್ಕೆ ನಾವು ಒಂದೇ ಪರೀಕ್ಷೆಯನ್ನು ಸೂಚಿಸುತ್ತೇವೆ: ಸೋತವನು ಹಿಂದಿರುಗುವಾಗ, ಹೋಗುವ ಮೊದಲು ತನಗೆ ತಿಳಿಯದಿದ್ದುದೇನನ್ನಾದರೂ ಅರಿತಿದ್ದಾನೆಯೆ?

ವಾಚಕರು ಇದನ್ನು ಯಂತ್ರವಿಲ್ಲದೆಯೇ ಪ್ರಯೋಗಿಸಿ ನೋಡಬಹುದು. ಒಬ್ಬರು ಚೌಕುಳಿ ಕಾಗದದ ಮೇಲೆ 10×10 ಮನೆಗಳ ಎರಡು ವ್ಯೂಹಗಳನ್ನು ಗುಟ್ಟಾಗಿ ಬರೆಯಲಿ. ಗೆಳೆಯನು ಮೊದಲನೆಯದರಲ್ಲಿ ‘ಎಡಕ್ಕೆ, ಮುಂದಕ್ಕೆ’ ಎಂಬ ಸೂಚನೆಗಳನ್ನು ಕೇಳಿ ಹೊರಬರಲಿ. ಎರಡನೆಯದರಲ್ಲಿ ತಾನೇ ಎಡವುತ್ತ, ನಕ್ಷೆ ಬರೆದುಕೊಳ್ಳುತ್ತ ಹೊರಬರಲಿ. ಬಳಿಕ ನಕ್ಷೆಯನ್ನು ತೆಗೆದಿಟ್ಟು, ಪ್ರತಿಯೊಂದರಲ್ಲಿಯೂ ಹೊಸ ಗುರಿಯೊಂದನ್ನು ಕೊಡಬೇಕು. ಎಲ್ಲಿ ಅವನು ಬೇಗನೆ ದಾರಿ ಕಾಣುತ್ತಾನೆಂಬುದನ್ನು ಗಮನಿಸಿರಿ. ಪಠ್ಯದ ಲೆಕ್ಕಗಳನ್ನು ಬಿಡಿಸಿದ ಉತ್ತರಗಳನ್ನು ಓದುವುದಕ್ಕೂ ತಾವೇ ಬಿಡಿಸುವುದಕ್ಕೂ ಇರುವ ಅಂತರವು ಆಗ ವಿದ್ಯಾರ್ಥಿಗಳಿಗೆ ವಿವರಣೆಯಿಲ್ಲದೆಯೇ ಮನವರಿಕೆಯಾದೀತು.