ಪಿತ್ತರಸವೂ ಸಕ್ಕರೆ ಕಾಯಿಲೆಯೂ



ಮೀನನ್ನು ಹಸನು ಮಾಡುವಾಗ ಅದರ ಹೊಟ್ಟೆಯಲ್ಲಿ ಹಸುರು ಬಣ್ಣದ ಸಣ್ಣ ಚೀಲವೊಂದನ್ನು ನೀವು ನೋಡಿರುವಿರಿ. ಅದು ಒಡೆದರೆ ಮಾಂಸವೆಲ್ಲ ಕಹಿ. ಅದೇ ಪಿತ್ತಕೋಶ, ಅದರೊಳಗಿರುವುದು ಪಿತ್ತರಸ. ಈ ಕಹಿಯನ್ನು ನುಂಗಿದರೆ ಸಕ್ಕರೆ ಕಾಯಿಲೆ ವಾಸಿಯಾಗುವುದೆಂದು ಹೇಳುವವರಿದ್ದಾರೆ. ಇದು ನಿಜವೇ? ಮೊದಲು ಪಿತ್ತರಸದ ಕೆಲಸವೇನೆಂದು ತಿಳಿಯೋಣ.

ನಮ್ಮ ದೇಹದಲ್ಲಿ ಪಿತ್ತರಸವನ್ನು ತಯಾರಿಸುವುದು ಈಲಿ, ಅಂದರೆ ಯಕೃತ್ತು. ಊಟವಾದ ಮೇಲೆ ಈ ರಸವು ಸಣ್ಣ ಕರುಳಿಗೆ ಇಳಿಯುತ್ತದೆ. ಸೀಗೆಪುಡಿ ಎಣ್ಣೆಯ ಜಿಡ್ಡನ್ನು ಬಿಡಿಸುವಂತೆ, ಇದರಲ್ಲಿರುವ ಪಿತ್ತಾಮ್ಲಗಳು ಆಹಾರದ ಜಿಡ್ಡನ್ನು ಒಡೆದು ಅರಗಿಸಲು ನೆರವಾಗುತ್ತವೆ. ಕೆಲಸ ಮುಗಿದ ಮೇಲೆ ಅವು ವ್ಯರ್ಥವಾಗುವುದಿಲ್ಲ. ಗದ್ದೆಯ ಕೊನೆಯಲ್ಲಿ ಹಿಡಿದ ನೀರನ್ನು ಮತ್ತೆ ಕೆರೆಗೆ ಏರಿಸಿದಂತೆ, 100ರಲ್ಲಿ ಸುಮಾರು 95 ಪಾಲು ಕರುಳಿನ ಕೊನೆಯಲ್ಲಿ ಹೀರಲ್ಪಟ್ಟು ಯಕೃತ್ತಿಗೆ ಮರಳುತ್ತದೆ.

ಪಿತ್ತಾಮ್ಲವನ್ನು ಗುರುತಿಸುವ ವಿಶೇಷ ವಸ್ತುವೊಂದು ಜೀವಕೋಶಗಳಲ್ಲಿದೆಯೆಂದು ವಿಜ್ಞಾನಿಗಳು 1999ರಲ್ಲಿ ತೋರಿಸಿದರು. ಪಿತ್ತಾಮ್ಲವು ಸುದ್ದಿ ಒಯ್ಯುವ ಓಲೆಕಾರನೂ ಹೌದೆಂದು ಇದರಿಂದ ತಿಳಿಯಿತು. ಅದು ಕರುಳಿನ ಗೋಡೆಯನ್ನು ಮುಟ್ಟಿದಾಗ ಜಿ.ಎಲ್.ಪಿ.-1 ಎಂಬ ರಸವು ರಕ್ತಕ್ಕೆ ಸೇರುತ್ತದೆ. ಈ ರಸವು ಮೇದೋಜೀರಕ ಗ್ರಂಥಿಯಿಂದ ಇನ್‌ಸುಲಿನ್ ಹೆಚ್ಚಾಗಿ ಬರುವಂತೆ ಮಾಡುತ್ತದೆ. ಕರುಳಿನ ಕೊನೆಯಿಂದ ಇನ್ನೊಂದು ಸುದ್ದಿ ಯಕೃತ್ತಿಗೆ ಹೋಗುತ್ತದೆ: "ಊಟವಾಗಿದೆ, ರಕ್ತಕ್ಕೆ ಸಕ್ಕರೆ ಬಿಡುವುದನ್ನು ತಗ್ಗಿಸು."

ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದಿಡುವ ಕೋಲೆಸೆವೆಲಮ್ ಎಂಬ ಔಷಧವನ್ನು ಸಕ್ಕರೆ ಕಾಯಿಲೆಗೂ ಬಳಸಲು ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ದೊರೆಯಿತು. ಅದೂ ಪಥ್ಯ, ವ್ಯಾಯಾಮ ಮತ್ತು ಇತರ ಔಷಧಗಳ ಜೊತೆಗೆ ಕೊಡುವ ಸಹಾಯಕ ಔಷಧ ಮಾತ್ರ.

ಹಾಗಾದರೆ ಮೀನಿನ ಪಿತ್ತ ನುಂಗಬಹುದೇ? ಖಂಡಿತ ಕೂಡದು! ನಮಗೆ ಬೇಕಾದ ಪಿತ್ತವನ್ನು ನಮ್ಮ ದೇಹವೇ ತಯಾರಿಸುತ್ತದೆ. ರೋಹು, ಹುಲ್ಲುಗೆಂಡೆ ಮುಂತಾದ ಕೆರೆ ಮೀನುಗಳ ಪಿತ್ತದಲ್ಲಿ ನಮಗೆ ವಿಷವಾಗುವ ವಸ್ತುವಿದೆ. ಬೇಯಿಸಿದರೂ ಅದು ಹೋಗುವುದಿಲ್ಲ. ನುಂಗಿದ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ, ಹೊಟ್ಟೆನೋವು ಬರುತ್ತವೆ. ಮುಂದೆ ಮೂತ್ರ ಕಟ್ಟಿ, ಮೂತ್ರಪಿಂಡ ಕೆಡುತ್ತದೆ, ಪ್ರಾಣವೂ ಹೋಗಬಹುದು. ಯಾರಾದರೂ ನುಂಗಿದ್ದರೆ ಕಾಯದೆ ಆಸ್ಪತ್ರೆಗೆ ಸೇರಿಸಿ, ನುಂಗಿದ್ದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಿ.

ನೀವು ಮಾಡಬೇಕಾದುದು ಇಷ್ಟು:

1. 30 ವರ್ಷ ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿರಿ. ಬರಿಹೊಟ್ಟೆಯಲ್ಲಿ ಸಕ್ಕರೆ 100ರಿಂದ 125 ಮಿಲಿಗ್ರಾಂ ಇದ್ದರೆ ಎಚ್ಚರಿಕೆ. 126 ಅಥವಾ ಹೆಚ್ಚಿದ್ದರೆ ವೈದ್ಯರನ್ನು ಕಾಣಿರಿ.

2. ಅನ್ನ, ಮುದ್ದೆಯನ್ನು ಮಿತವಾಗಿಟ್ಟು, ಕಾಳು, ಸೊಪ್ಪು, ತರಕಾರಿಗಳನ್ನು ಹೆಚ್ಚಿಸಿರಿ.

3. ವೈದ್ಯರು ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿರಿ.

ಕಹಿಯಾದುದೆಲ್ಲ ಸಕ್ಕರೆ ಕಾಯಿಲೆಗೆ ಮದ್ದಲ್ಲ. ಮೀನನ್ನು ತಿನ್ನಿರಿ, ಅದರ ಪಿತ್ತವನ್ನು ಮಣ್ಣಿನಲ್ಲಿ ಹೂಳಿರಿ. ಈ ಮಾತನ್ನು ನೆರೆಹೊರೆಯವರಿಗೂ ತಿಳಿಸಿರಿ.