ಚಾಲ್ ಹಾಕುವ ಮುನ್ನ ಎದುರಿನವರನ್ನು ಎಣಿಸಿ

ಜೋಡಿ ಬಿತ್ತೆಂದರೆ ಸಾಕು, ಶೋ ಆಗುವವರೆಗೂ ಕದಲದವರು ತೀನ್ ಪತ್ತಿ ಆಡುವ ಪ್ರತಿ ಚಾಪೆಯ ಮೇಲೂ ಒಬ್ಬರಾದರೂ ಇರುತ್ತಾರೆ. ಅವರ ಪಕ್ಕದಲ್ಲೇ ಇನ್ನೊಬ್ಬರು ಕೂತಿರುತ್ತಾರೆ. ಕೈಯಲ್ಲಿ ಎಕ್ಕ ಇದ್ದರೂ, ಎದುರಿನವನು ಎಲೆ ನೋಡದೆಯೇ ಜೋರಾಗಿ ಆಡುತ್ತಿದ್ದಾನೆಂದು ಹೆದರಿ ಪ್ಯಾಕ್ ಮಾಡುವವರು. ಇಬ್ಬರದೂ ತಪ್ಪೇ. ಯುಗಾದಿಗೋ ಶಿವರಾತ್ರಿ ಜಾಗರಣೆಗೋ ಹುಣಸೆಬೀಜ ಗುಡ್ಡೆ ಹಾಕಿಕೊಂಡು ಕೂರುವವರು ಈ ತಪ್ಪನ್ನು ಐದನೇ ತರಗತಿಯ ಗುಣಾಕಾರದಿಂದಲೇ ತಿದ್ದಿಕೊಳ್ಳಬಹುದು.

ನಿಯಮ ಗೊತ್ತಿದೆ ಎಂದುಕೊಂಡೇ ಹೇಳುತ್ತೇನೆ. 52 ಎಲೆಗಳಲ್ಲಿ ಮೂರು ಎಲೆ ಕೈಗೆ ಬರುವ ಬಗೆಗಳು 22,100. ಅದರಲ್ಲಿ 16,440, ಅಂದರೆ ನೂರಕ್ಕೆ 74ಕ್ಕೂ ಹೆಚ್ಚು, ಜೋಡಿಯೂ ಇಲ್ಲದ ಬರಿಗೈ. ಜೋಡಿ 3,744. ಕಲರ್ 1,096. ಸೀಕ್ವೆನ್ಸ್ 720. ಟ್ರಯಲ್ 52, ಪ್ಯೂರ್ ಸೀಕ್ವೆನ್ಸ್ 48. ಕೊನೆಯ ಎರಡು ಅಂಕಿ ಇನ್ನೊಮ್ಮೆ ನೋಡಿ. ಪ್ಯೂರ್ ಸೀಕ್ವೆನ್ಸ್ ಟ್ರಯಲ್‌ಗಿಂತ ಅಪರೂಪ, ಆದರೂ ಅದರ ಕೆಳಗೇ ಕೂರಬೇಕು. ಲೆಕ್ಕ ಒಪ್ಪದ ಮಾತು, ಆದರೆ ಆಟ ಬೆಳೆದು ಬಂದದ್ದೇ ಹಾಗೆ.

ಮೊದಲು ನಡುವಿನ ಕೈ ಯಾವುದೆಂದು ನೆನಪಿಡಿ. ಎಲ್ಲ 22,100 ಕೈಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟರೆ ಸರಿಯಾಗಿ ಮಧ್ಯದಲ್ಲಿ ಬರುವುದು ರಾಜ, ಹತ್ತು, ಎರಡು. ಬಹಳ ಜನ ರಾಜನನ್ನು ನೋಡಿದೊಡನೆ ಮುಖ ಸಿಂಡರಿಸುತ್ತಾರೆ. ಒಬ್ಬರೇ ಎದುರಿದ್ದು, ಅವರೂ ಎಲೆ ನೋಡಿಲ್ಲದಿದ್ದರೆ ರಾಜ-ಹತ್ತು ಸಮಬಲದ ಕೈ.

ಆಮೇಲೆ ತಲೆ ಎಣಿಸಿ. ಒಬ್ಬರನ್ನು ಸೋಲಿಸುವ ಸಾಧ್ಯತೆ ನೂರಕ್ಕೆ 75 ಇದ್ದರೆ, ಇಬ್ಬರನ್ನು ಸೋಲಿಸುವುದು 0.75ನ್ನು ಅದರಿಂದಲೇ ಗುಣಿಸಿದಷ್ಟು, ಸುಮಾರು 56. ಐವರಿದ್ದರೆ 0.75ನ್ನು ಐದು ಸಲ ಗುಣಿಸಬೇಕು. ಮೂರರ ಜೋಡಿಯನ್ನೇ ತೆಗೆದುಕೊಳ್ಳಿ. ಒಬ್ಬರ ಎದುರು ಅದು ನಾಲ್ಕರಲ್ಲಿ ಮೂರು ಸಲ ಗೆಲ್ಲುತ್ತದೆ. ಐವರೂ ಕೊನೆಯವರೆಗೆ ಉಳಿದರೆ ಅದೇ ಜೋಡಿ ನಾಲ್ಕರಲ್ಲಿ ಮೂರು ಸಲ ಯಾರಾದರೊಬ್ಬರಿಗೆ ಸೋಲುತ್ತದೆ. ಎಲೆ ಬದಲಾಗಿಲ್ಲ, ತಲೆ ಹೆಚ್ಚಾಗಿವೆ ಅಷ್ಟೆ. ಬಾಯಿಪಾಠಕ್ಕೆ ಇಷ್ಟು ಸಾಕು: ನಿಮ್ಮನ್ನೂ ಸೇರಿಸಿ ಇಬ್ಬರ ಆಟಕ್ಕೆ ರಾಜ-ಹತ್ತು, ನಾಲ್ವರಿಗೆ ಎಕ್ಕ-ಒಂಬತ್ತು, ಆರು ಮಂದಿಗೆ ಎಕ್ಕ-ರಾಣಿ. ಅದಕ್ಕಿಂತ ಕಡಿಮೆ ಇದ್ದರೆ ನಿಮ್ಮ ಕೈ ನಿಮ್ಮ ಪಾಲಿನಷ್ಟೂ ಗೆಲ್ಲದು.

ಇನ್ನು ಬ್ಲೈಂಡ್ ವಿಷಯ. ಓದುಗರು ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ, ಹಾಗಾಗಿ ಸ್ವಲ್ಪ ಎಳೆದೇ ಹೇಳುತ್ತೇನೆ. ಮೇಲಿನ ಲೆಕ್ಕವೆಲ್ಲ ಎಲೆ ನೋಡದೆ ಆಡುವವರಿಗೆ ಮಾತ್ರ ಹೊಂದುತ್ತದೆ. ಬ್ಲೈಂಡ್ ಆಡುವವನ ಧೈರ್ಯಕ್ಕೂ ಅವನ ಎಲೆಗೂ ಸಂಬಂಧವೇ ಇಲ್ಲ. ಅವನು ಮೀಸೆ ತಿರುವಿಕೊಂಡು ಐದು ಸುತ್ತು ಹಾಕಿದರೂ ಅವನ ಮುಂದೆ ಮಗುಚಿ ಬಿದ್ದಿರುವುದು ಸರಾಸರಿ ಕೈ. ನಿಮ್ಮ ಬಳಿ ಎಕ್ಕ, ಒಂಬತ್ತು, ನಾಲ್ಕು ಇದೆ ಎನ್ನಿ. ಅಂಥ ಒಬ್ಬನ ಎದುರು ನೂರರಲ್ಲಿ ಸುಮಾರು 63 ಸಲ ನೀವೇ ಮುಂದೆ. ಇಂಥ ಕೈಯನ್ನು ಹೆದರಿ ಬಿಟ್ಟರೆ ಅದು ಬೀಜವನ್ನು ದಾನ ಮಾಡಿದಂತೆ.

ಎಲೆ ನೋಡಿ, ಬ್ಲೈಂಡ್‌ನವನ ಎರಡು ಪಟ್ಟು ಹಾಕುತ್ತಾ, ಆದರೂ ಏಳದೆ ಕೂತಿರುವವರ ಕಥೆ ಬೇರೆ. ಕೆಟ್ಟ ಕೈಗಳನ್ನು ಅವರು ಆಗಲೇ ಎಸೆದಿರುತ್ತಾರೆ. ಜೋಡಿ ಅಥವಾ ಅದಕ್ಕಿಂತ ಮೇಲಿನದು ಬಂದರೆ ಮಾತ್ರ ಉಳಿಯುವ ಸ್ವಭಾವದವರು ಎದುರಿದ್ದಾರೆ ಎಂದುಕೊಳ್ಳಿ. ಈಗ ಲೆಕ್ಕಕ್ಕೆ ಬರುವುದು 22,100 ಅಲ್ಲ, ಕೇವಲ 5,660 ಕೈ. ಎಂಟರ ಜೋಡಿ ಬ್ಲೈಂಡ್‌ನವನ ಎದುರು ನೂರಕ್ಕೆ 82 ಸಲ ಗೆಲ್ಲುವಂಥದ್ದು. ಇವರ ಎದುರು ಅದು 33ರ ಆಸುಪಾಸಿಗೆ ಇಳಿಯುತ್ತದೆ. ಮೂರರಲ್ಲಿ ಒಂದು ಸಲ! ನಮ್ಮವರು ಮಾಡುವುದು ಇದಕ್ಕೆ ಸರಿಯಾಗಿ ಉಲ್ಟಾ. ಬ್ಲೈಂಡ್‌ಗೆ ಬೆದರುತ್ತಾರೆ, ಬಾಯಿ ಬಿಡದೆ ಚಾಲ್ ಹಾಕುವ ಸೋದರಮಾವನ ಎದುರು ಜೋಡಿ ಹಿಡಿದು ಮುನ್ನುಗ್ಗುತ್ತಾರೆ. ಅಪರೂಪಕ್ಕೆ ಚಾಲ್ ಹಾಕುವವರು ಹಾಕಿದರೆ ಎಂಟರ ಜೋಡಿಯನ್ನೂ ಕೆಳಗಿಡಬೇಕು ಎಂಬುದು ನನ್ನ ಪಕ್ಕಾ ಅಭಿಪ್ರಾಯ. ಇನ್ನೊಂದು ಎಚ್ಚರಿಕೆ: ಎಲೆ ನೋಡಿದವರು ಬ್ಲೈಂಡ್‌ನವರಿಂದ ಶೋ ಕೇಳುವಂತಿಲ್ಲ ಎಂಬ ನಿಯಮ ಹಲವು ಕಡೆ ಇದೆ. ಹಾಗಿದ್ದರೆ ಆಟ ನೀವು ಬಯಸಿದಾಗ ಮುಗಿಯುವುದಿಲ್ಲ. ಕೈಲಿರುವ ಬೀಜ ಅಷ್ಟು ಸುತ್ತಿಗೆ ಸಾಲುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಕೊನೆಗೆ ಬೆಲೆ. ನಡುವೆ 40 ಬೀಜ ಬಿದ್ದಿದೆ, ಶೋಗೆ 8 ಹಾಕಬೇಕು ಎಂದಾದರೆ ಆರರಲ್ಲಿ ಒಂದು ಸಲ ಗೆದ್ದರೂ ಅಸಲು ಬಂತು. ಹಾಕಬೇಕಾದ್ದನ್ನು ಒಟ್ಟು ಮೊತ್ತದಿಂದ, ಅಂದರೆ 48ರಿಂದ, ಭಾಗಿಸಿ ನಿಮ್ಮ ಗೆಲುವಿನ ಸಾಧ್ಯತೆಯ ಪಕ್ಕದಲ್ಲಿಡಿ.

ಉಳಿದವು ಚುಟುಕಾಗಿ. ಏಳು ಆಟ ಕೆಟ್ಟ ಎಲೆ ಬಂದರೆ ಎಂಟನೆಯದು ಒಳ್ಳೆಯದೇ ಬರಬೇಕೆಂದೇನಿಲ್ಲ, ಕಲಸಿದ ಮೇಲೆ ಎಲೆಗೆ ಹಿಂದಿನದು ನೆನಪಿರದು. ಎಕ್ಕ-ಎರಡು-ಮೂರು ದೊಡ್ಡದೋ ಎಕ್ಕ-ರಾಜ-ರಾಣಿ ದೊಡ್ಡದೋ ಎಂಬುದು ಮನೆಯಿಂದ ಮನೆಗೆ ಬೇರೆ, ಹಂಚುವ ಮೊದಲೇ ಕೇಳಿ. ಜೋಕರ್ ಸೇರಿಸಿದರೆ ಇಲ್ಲಿನ ಒಂದು ಅಂಕಿಯೂ ನಡೆಯುವುದಿಲ್ಲ. ಬೀಜದ ಬದಲು ದುಡ್ಡು ಇಟ್ಟರೆ ಕರ್ನಾಟಕ ಪೊಲೀಸ್ ಕಾಯ್ದೆಯ ಜೂಜಿನ ಕಲಂಗಳಿವೆ. ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ.