ಚಳಿಗಾಲಕ್ಕೆ ಬಣ್ಣದ ಹಣ್ಣಿನ ಬೇಲಿ: ತಾಳವಾಡಿಗೆ ಯಾವ ಗಿಡ ಹಿತ?

ಗುಮಟಾಪುರದ ಗೊರೆಹಬ್ಬ ಮುಗಿದು ಹಿಂಗಾರು ಮಳೆ ಹಿಂದೆ ಸರಿದ ಮೇಲೆ ತಾಳವಾಡಿ ಸೀಮೆಯ ಬೇಲಿಗಳಲ್ಲಿ ಹಣ್ಣಿನ ಬಣ್ಣ ಕಣ್ಣಿಗೆ ಬೀಳತೊಡಗುತ್ತದೆ. ರಾಗಿ ಕೊಯ್ಲಾಗಿ ಹೊಲ ಬೋಳಾದಾಗ ಅದು ಇನ್ನಷ್ಟು ಎದ್ದು ಕಾಣುತ್ತದೆ. ಮನೆ ಮುಂದೆ, ಹೊಲದ ಅಂಚಿಗೆ ಇಂಥ ಗಿಡ ನೆಡಬೇಕು ಎನ್ನುವವರು ಬಣ್ಣ ನೋಡುವ ಮೊದಲು ಇಷ್ಟು ಯೋಚಿಸಬೇಕು: ಈ ಹಣ್ಣನ್ನು ಯಾವ ಪ್ರಾಣಿ ತಿನ್ನುತ್ತದೆ, ಬೀಜ ಎಲ್ಲಿ ಬೀಳುತ್ತದೆ? ನಮ್ಮವು 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿಕೊಂಡ ಊರುಗಳು. ಪೇಟೆ ತೋಟದ ಲೆಕ್ಕ ಇಲ್ಲಿ ನಡೆಯದು.

ಲಂಟಾನವನ್ನೇ ನೋಡಿ. 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದಕ್ಕೆಂದು ತಂದ ಗಿಡ ಇದು. ಇವತ್ತು ದಿಂಬಂನಿಂದ ಹಾಸನೂರಿನವರೆಗೆ ರಸ್ತೆಯ ಎರಡೂ ಬದಿ ಅದೇ. ತಂತಿ ಬೇಲಿ ಇದ್ದರೆ ಕೆಳಗೆ ಬಗ್ಗಿ ನೋಡಿ: ಕಂಬದ ಬುಡದಲ್ಲಿ, ತಂತಿಯ ನೇರಕ್ಕೆ ಸಾಲು ಹಿಡಿದು ಲಂಟಾನ ಸಸಿ ಎದ್ದಿರುತ್ತವೆ. ಪಿಕಳಾರ ಕರಿ ಹಣ್ಣು ತಿಂದು ತಂತಿಯ ಮೇಲೆ ಕೂತು ಹಿಕ್ಕೆ ಹಾಕಿದ್ದರ ಫಲ. ಎಲೆ ತಿಂದ ದನ, ಕುರಿಗೆ ಪಿತ್ತಜನಕಾಂಗ ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಬರೀ ಮೇಲೆ ಸವರಿದರೆ ಇದು ಸಾಯುವುದಿಲ್ಲ. ಇನ್ನೂ ದಟ್ಟವಾಗಿ ಚಿಗುರುತ್ತದೆ. ಹಣ್ಣಾಗುವ ಮೊದಲೇ ಮಣ್ಣಿನಿಂದ ಮೂರು ನಾಲ್ಕು ಬೆರಳು ಕೆಳಗೆ ತಾಯಿಬೇರು ಕಡಿದು, ಬುಡ ಮೇಲಾಗಿ ಬಿಸಿಲಿಗೆ ಒಣಹಾಕಬೇಕು. ಕಡ್ಡಿಯನ್ನು ಸುಡಲೇಬೇಕೆಂದಿಲ್ಲ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ ಮೇಜು ಹೆಣೆಯುತ್ತಾರೆ.

ನರ್ಸರಿಗಳಲ್ಲಿ ಸಿಗುವ ಡುರಾಂಟವೂ ಲಂಟಾನದ ಕುಟುಂಬದ್ದೇ. ಗೊಂಚಲು ಗೊಂಚಲಾಗಿ ಚಿನ್ನದ ಬಣ್ಣದ ಹಣ್ಣು, ನೋಡಲು ಚೆಂದ. ಆದರೆ ಹಣ್ಣು ವಿಷ. ಮಕ್ಕಳು, ಕರುಗಳು ಓಡಾಡುವ ಅಂಗಳಕ್ಕೆ ಅದು ಬೇಡವೇ ಬೇಡ.

ಹಾಗಾದರೆ ನೆಡುವುದೇನು? ಹೊಲದ ಬೇಲಿಗೆ ನನ್ನ ಮೊದಲ ಆಯ್ಕೆ ಬಂದರಿಕೆ. ಅದರದು ರಸಹಣ್ಣಲ್ಲ, ಕಾಗದದಂಥ ರೆಕ್ಕೆ ಇರುವ ಕಾಯಿ. ಬಲಿಯುತ್ತಾ ಕೆಂಪಡರಿ ಗಿಡವನ್ನೆಲ್ಲ ತುಂಬುತ್ತದೆ. ದನ, ಆಡು ಬಾಯಿ ಹಾಕುವುದಿಲ್ಲ, ಕಲ್ಲು ನೆಲವಾದರೂ ಬರುತ್ತದೆ, ಬರ ತಡೆಯುತ್ತದೆ. ಬೀಜದ ಸಿಪ್ಪೆ ಗಟ್ಟಿ. ಕುದಿಯುವ ನೀರು ಸುರಿದು, ಹಾಗೇ ಆರಲು ಬಿಟ್ಟು, ರಾತ್ರಿ ನೆನೆದ ಬೀಜವನ್ನು ಬಿತ್ತಿದರೆ ಮೊಳಕೆ ಚೆನ್ನ. ಅಡಿಗೊಂದು ಗಿಡದಂತೆ ನೆಟ್ಟು ಸೊಂಟದೆತ್ತರಕ್ಕೆ ಸವರುತ್ತಾ ಬಂದರೆ ಕೆಳಗಿನಿಂದಲೇ ದಟ್ಟವಾಗುತ್ತದೆ. ಕಾಯಿಯ ಬಣ್ಣ ಬೇಕಿದ್ದರೆ ಹೂ ಬಿಡುವ ಹೊತ್ತಿಗೆ ಕತ್ತರಿ ಹಾಕಬೇಡಿ.

ಮುಳ್ಳುಬೇಲಿ ಬೇಕಾದವರಿಗೆ ಕವಳಿ. ಬೆಟ್ಟದ ಕೆಳಗೆ ಕೊಂಗು ಸೀಮೆಯವರು ಹುಲ್ಲುಗಾವಲಿಗೆ ಕಿಳುವೈ ಬೇಲಿ ಕಟ್ಟುವಂತೆ ನಾವು ಇದನ್ನು ಕಟ್ಟಬಹುದು. ಎರಡಡಿ ಅಂತರದಲ್ಲಿ ಎರಡು ಸಾಲು, ಒಂದರ ಸಂದಿಗೆ ಇನ್ನೊಂದು ಬರುವಂತೆ ನೆಡಿ. ಬೀಜ ಬಹಳ ದಿನ ಉಳಿಯುವುದಿಲ್ಲ, ಹಣ್ಣಿನಿಂದ ತೆಗೆದೊಡನೆ ಬಿತ್ತಬೇಕು. ಗುಲಾಬಿ ಬಿಳುಪಿನಿಂದ ಕಡುನೇರಳೆಗೆ ತಿರುಗುವ ಹಣ್ಣು ಮಳೆಗಾಲದ್ದು, ಚಳಿಗಾಲಕ್ಕೆ ಹಸಿರೆಲೆಯಷ್ಟೇ. ಆದರೆ ಉಪ್ಪಿನಕಾಯಿಗೆ ಆಗುವ ಬೇಲಿ ಬೇರೆ ಯಾವುದಿದೆ?

ಎಲಚಿಗೆ ಸಂಕ್ರಾಂತಿಯೇ ಕಾಲ. ಮಕ್ಕಳ ತಲೆಗೆ ಎರೆಯಲು ಅದು ಬೇಕೇ ಬೇಕು. ಆದರೂ ಕಾಡಂಚಿನ ಮನೆಯವರಿಗೆ ನಾನು ಇದನ್ನು ಹೇಳುವುದಿಲ್ಲ. ಉದುರಿದ ಎಲಚಿ ಎಂದರೆ ಕರಡಿಗೆ ಪ್ರಾಣ, ಜಿಂಕೆ ಹಂದಿಗೂ ಅಷ್ಟೇ. ಊರ ನಡುವೆ ಇರಲಿ; ಹಿತ್ತಿಲ ಆಚೆಗೆ ಕಾಡು ಶುರುವಾಗುವಲ್ಲಿ ಬೇಡ.

ಮನೆಯ ಮುಂದಕ್ಕೆ ಕಾಡುಕರಿಬೇವು ಒಪ್ಪುತ್ತದೆ: ಬಿಳಿ ಹೂವಿಗೆ ಘಮ, ಹಣ್ಣಿಗೆ ಕೆಂಪು. ಒಂದೇ ತೊಡಕು, ನಿಂಬೆಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಾ ಕೀಟ ಇದರ ಚಿಗುರಿನಲ್ಲೂ ಬೆಳೆಯುತ್ತದೆ. ನಿಂಬೆ ತೋಟ ಹತ್ತಿರ ಇದ್ದವರು ಇದನ್ನು ಬಿಟ್ಟು ಎರಡು ಬುಡ ಸೂಜಿಮೆಣಸು ನೆಡಲಿ. ಮೇಲ್ಮುಖವಾಗಿ ನಿಂತ ಕೆಂಪು ಕಾಯಿ ಹಣ್ಣಿನಷ್ಟೇ ಅಂದ. ಹಕ್ಕಿಗಳಿಗೆ ಖಾರ ತಾಗುವುದಿಲ್ಲ, ಅವು ತಿಂದು ಬೀಜ ಹರಡಿದರೂ ಕಿತ್ತು ಸಾರಿಗೆ ಹಾಕಬಹುದು.

ಮುಂಗಾರು ಹಿಡಿದ ಮೇಲೆ, ಇಲ್ಲವೆಂದರೆ ಹಿಂಗಾರಿನ ಮೊದಲ ಹದಕ್ಕೆ ನೆಡಿ. ಮೊದಲ ಬೇಸಿಗೆಯಲ್ಲಿ ಬುಡಕ್ಕೆ ಒಣಹುಲ್ಲು ಮುಚ್ಚಿ ನೀರು ಕೊಟ್ಟರೆ ಆಮೇಲೆ ತಾನೇ ನಿಲ್ಲುತ್ತದೆ. ಸಸಿಯ ವಿಚಾರಕ್ಕೆ ಗೋಬಿಚೆಟ್ಟಿಪಾಳ್ಯದ ಮೈರಾಡ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಿ. ಸಂರಕ್ಷಿತ ಕಾಡಿನೊಳಗಿಂದ ಮಾತ್ರ ಗಿಡ ಕಿತ್ತು ತರಬೇಡಿ, ಅದು ಕಾನೂನಿನ ಪ್ರಕಾರ ಅಪರಾಧ.